‘ಜೀತ ಇದೆಯಾ?’ ಎಂದು ಕೇಳಬೇಡಿ

(ಇತಿಹಾಸ ಮತ್ತು ಸಮಾಜಕಾರ್ಯ ಓದುತ್ತಿರುವ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳಿವು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ. ಮಾತಿನ ಧಾಟಿಯನ್ನು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಮ್ಮ ದೇಶದ ಅನ್ಯಾಯಗಳನ್ನು, ಹಿಂದಿನದನ್ನೂ ಇಂದಿನದನ್ನೂ, ಹುಡುಕಿ ಬರೆಯುವುದು ಹೇಗೆ ಅಂತ ಮಾತಾಡಲು ಕರೆದಿದ್ದೀರಿ. ಇದು ತುಂಬ ದೊಡ್ಡ ವಿಷಯ. ಎಲ್ಲವನ್ನೂ ಮುಟ್ಟಲು ಹೋದರೆ ಯಾವುದೂ ಕೈಗೆ ಸಿಗುವುದಿಲ್ಲ. ಹಾಗಾಗಿ ಒಂದನ್ನೇ ಹಿಡಿದುಕೊಳ್ಳುತ್ತೇನೆ. ಅದು ಜೀತ. ನನಗೆ ಸ್ವಲ್ಪವಾದರೂ ಗೊತ್ತಿರುವುದು ಅದೊಂದೇ.

ಸುಮಾರು ಇಪ್ಪತ್ತೈದು ವರ್ಷದ ಹಿಂದಿನ ಮಾತು. ಆಗಷ್ಟೇ ಎಂ.ಎ. ಮುಗಿಸಿದ್ದೆ. ಮಂಡ್ಯದ ಕಡೆಯ ಒಂದು ಊರಿಗೆ ಸಮೀಕ್ಷೆಗೆ ಹೋಗಿದ್ದೆ. ಕೈಯಲ್ಲಿ ಅಚ್ಚು ಹಾಕಿಸಿದ ನಮೂನೆ. ಅದರಲ್ಲಿ ಒಂದು ಪ್ರಶ್ನೆ: ‘ಈ ಗ್ರಾಮದಲ್ಲಿ ಜೀತ ಪದ್ಧತಿ ಇದೆಯೇ? ಹೌದು / ಇಲ್ಲ.’ ಬೆಳಿಗ್ಗೆಯಿಂದ ಮನೆಮನೆ ಸುತ್ತಿ ಎಲ್ಲ ಕಡೆಯೂ ‘ಇಲ್ಲ’ಕ್ಕೆ ಗುರುತು ಹಾಕಿದ್ದೆ. ಮಧ್ಯಾಹ್ನದ ಹೊತ್ತಿಗೆ ಕೇರಿಯ ಕೊನೆಯ ಮನೆ ತಲುಪಿದೆ. ಜಗಲಿಯ ಮೇಲೆ ಒಬ್ಬ ಅಜ್ಜಿ ಮೊರದಲ್ಲಿ ರಾಗಿ ಕೇರುತ್ತಾ ಕೂತಿದ್ದರು. ಅವರನ್ನೂ ಅದೇ ಪ್ರಶ್ನೆ ಕೇಳಿದೆ.

“ಜೀತ ಎಲ್ಲದೆ ಮಗ? ಅದೆಲ್ಲ ಇಂದ್ರಮ್ಮನ ಕಾಲ್ದಲ್ಲೇ ಹೋಯ್ತು” ಅಂದರು.

‘ಇಲ್ಲ’ ಎಂದು ಗುರುತು ಹಾಕಿದೆ. ಅಜ್ಜಿ ಕುಡಿಯಲು ನೀರು ತಂದುಕೊಟ್ಟರು. ಸುಮ್ನೆ ಮಾತಿಗೆ ಅಂತ, “ಮಕ್ಕಳು ಎಲ್ಲಿದ್ದಾರೆ ಅವ್ವಾ?” ಎಂದೆ.

“ದೊಡ್ಡೋನು ಸಂಬ್ಳಕ್ಕವ್ನೆ.”

“ಎಲ್ಲಿ?”

“ಇಲ್ಲೇ, ಊರೊಳಗೆ. ದೊಡ್ಡೋರ ಮನೇಲಿ.”

“ಎಷ್ಟು ಕೊಡ್ತಾರೆ?”

“ಈಗೆಲ್ಲಿ ಕೊಟ್ಟಾರು? ಅವನ ಮದ್ವೆಗೆ ಇಸ್ಕಂಡಿದ್ದು ಇನ್ನೂ ತೀರ್ಬೇಕಲ್ವಾ.”

ನಮೂನೆಯನ್ನು ಮಡಚಿ ಚೀಲದೊಳಗೆ ಇಟ್ಟೆ. ಆಮೇಲೆ ಒಂದೂವರೆ ಗಂಟೆ ಅಲ್ಲೇ ಕೂತಿದ್ದೆ. ಮಗ ರಾತ್ರಿ ಮಲಗುವುದು ಧಣಿಯ ಕೊಟ್ಟಿಗೆಯಲ್ಲಿ. ಊಟದ ತಟ್ಟೆಯನ್ನು ಅವನೇ ತೊಳೆದು ಕೊಟ್ಟಿಗೆಯ ಸೂರಿಗೆ ಸಿಕ್ಕಿಸಬೇಕು. ಒಂದು ದಿನ ತಪ್ಪಿದರೆ ಎರಡು ದಿನದ ಲೆಕ್ಕ ಏರುತ್ತದೆ. ಸಂಬಂಧಿಕರ ಮನೆಯ ಸಾವಿಗೆ ಹೋಗಬೇಕಾದರೂ ಧಣಿಯನ್ನು ಕೇಳಬೇಕು. ವರ್ಷದ ಲೆಕ್ಕ ಯುಗಾದಿಯಿಂದ ಯುಗಾದಿಗೆ. ಅಜ್ಜಿ ಇದನ್ನೆಲ್ಲ ಮಳೆ ಬೆಳೆಯ ಸುದ್ದಿ ಹೇಳುವಷ್ಟು ಸಹಜವಾಗಿ ಹೇಳಿದರು.

ಅವರು ನನಗೆ ಸುಳ್ಳು ಹೇಳಿರಲಿಲ್ಲ. ಅವರ ಮಟ್ಟಿಗೆ ‘ಜೀತ’ ಎನ್ನುವುದು ಸರ್ಕಾರ ರದ್ದು ಮಾಡಿದ ಒಂದು ಪದ್ಧತಿಯ ಹೆಸರು. ಮಗ ಮಾಡುತ್ತಿರುವುದು ‘ಸಂಬಳಕ್ಕಿರುವುದು’. ತಪ್ಪು ಇದ್ದದ್ದು ನನ್ನ ಪ್ರಶ್ನೆಯಲ್ಲಿ. ನಾನು ಇವತ್ತು ಹೇಳಬೇಕೆಂದುಕೊಂಡಿರುವುದೂ ಇಷ್ಟೇ. ಅನ್ಯಾಯವನ್ನು ಯಾರೋ ಎಲ್ಲೋ ಬಚ್ಚಿಟ್ಟಿರುತ್ತಾರೆ ಅಂತ ನಾವು ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಅದು ನಮ್ಮ ಕಣ್ಣೆದುರೇ ಇರುತ್ತದೆ. ನಾವು ಕೇಳುವ ರೀತಿಯೇ ಅದನ್ನು ಮರೆಮಾಡಿಬಿಡುತ್ತದೆ.

ಮೊದಲು ಮಾತುಗಳನ್ನೇ ನೋಡೋಣ. ಇದಕ್ಕೆ ಯಾವ ಕಚೇರಿಯ ಅನುಮತಿಯೂ ಬೇಕಿಲ್ಲ.

‘ಜೀತ’ ಎಂಬ ಪದ ‘ಜೀವಿತ’ ಎಂಬುದರ ತದ್ಭವ. ಹಳೆಯ ಕನ್ನಡದಲ್ಲಿ ಅದಕ್ಕೆ ಸಂಬಳ, ಬದುಕಲು ಕೊಡುವ ಆಧಾರ ಎಂಬ ಅರ್ಥವಿತ್ತು. ಪಕ್ಕದ ತೆಲುಗಿನಲ್ಲಿ ಇವತ್ತಿಗೂ ಜೀತಂ ಎಂದರೆ ತಿಂಗಳ ಸಂಬಳವೇ. ಅಲ್ಲಿ ಸರ್ಕಾರಿ ನೌಕರರೂ ತಮಗೆ ಬರುವುದನ್ನು ಜೀತಂ ಅಂತಾರೆ. ನಮ್ಮಲ್ಲಿ ಅದೇ ಪದ ಬಿಡಿಸಿಕೊಳ್ಳಲಾಗದ ದುಡಿಮೆಯ ಹೆಸರಾಯಿತು. ಒಂದು ಪದ ಸಂಬಳದಿಂದ ಸಂಕೋಲೆಯವರೆಗೆ ನಡೆದು ಬಂದಿದೆ ಎಂದರೆ, ಆ ದಾರಿಯುದ್ದಕ್ಕೂ ಮನುಷ್ಯರು ನಡೆದಿದ್ದಾರೆ ಎಂದೇ ಅರ್ಥ. ಈಗ ಆ ಅಜ್ಜಿಯ ಊರಿನಲ್ಲಿ ಚಕ್ರ ತಿರುಗಿ ‘ಸಂಬಳ’ ಎಂಬ ಪದವೇ ಜೀತದ ಅರ್ಥವನ್ನು ಹೊತ್ತುಕೊಂಡಿದೆ. ಇನ್ನು ನೂರು ವರ್ಷಕ್ಕೆ ಅದಕ್ಕೆ ಯಾವ ಗತಿಯೋ ಗೊತ್ತಿಲ್ಲ.

ಇನ್ನೊಂದು ಪದ ‘ಬಿಟ್ಟಿ’. ನಾವೀಗ ಪುಕ್ಕಟೆ ಸಿಕ್ಕಿದ್ದಕ್ಕೆಲ್ಲ ಬಿಟ್ಟಿ ಅನ್ನುತ್ತೇವೆ. ಆದರೆ ಅದರ ಮೂಲ ‘ವಿಷ್ಟಿ’. ಅಂದರೆ ಕೂಲಿ ಕೊಡದೆ ಬಲವಂತವಾಗಿ ಮಾಡಿಸಿಕೊಳ್ಳುವ ಕೆಲಸ. ಹಳೆಯ ಶಾಸನಗಳಲ್ಲಿ ಊರಿನ ಮೇಲಿನ ತೆರಿಗೆಗಳ ಸಾಲಿನಲ್ಲಿ ಇದೂ ಬರುತ್ತದೆ. ದುಡಿಸಿಕೊಂಡವನಿಗೆ ಅದು ಪುಕ್ಕಟೆ. ದುಡಿದವನಿಗೆ ಹೇಗೆ ಪುಕ್ಕಟೆಯಾದೀತು? ನಮ್ಮ ಬಾಯಲ್ಲಿ ಉಳಿದುಕೊಂಡದ್ದು ದುಡಿಸಿಕೊಂಡವನ ಅರ್ಥ ಮಾತ್ರ. ಯಾರ ಕಡೆಯ ಮಾತು ಉಳಿಯುತ್ತದೆ, ಯಾರದು ಅಳಿಯುತ್ತದೆ ಅಂತ ತಿಳಿಯಲು ಈ ಎರಡಕ್ಷರವೇ ಸಾಕು.

ಋಣ, ಉಪ್ಪಿನ ಋಣ, ಅನ್ನದ ಋಣ. ಇವನ್ನೂ ಎಚ್ಚರದಿಂದ ಕೇಳಿಸಿಕೊಳ್ಳಬೇಕು. ಇವು ಒಳ್ಳೆಯ ಮಾತುಗಳೇ. ನಾವೆಲ್ಲ ಅವನ್ನು ಕೇಳುತ್ತಲೇ ಬೆಳೆದಿದ್ದೇವೆ. ಆದರೆ ಜೀತದ ಮನೆಗಳಲ್ಲಿ ಸಾಲಕ್ಕೆ ಕಾವಲು ನಿಂತಿರುವುದು ಇದೇ ಮಾತು. “ಅವ್ರ ಉಪ್ಪು ತಿಂದಿದೀವಿ, ಬಿಟ್ಟು ಹೋಗೋದು ಹೆಂಗೆ?” ಅಂತ ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಧಣಿಗಳ ಮನೆಯಲ್ಲಿ ಕೇಳಿದರೆ, “ಮನೆ ಮಗನ ಹಾಗೆ ನೋಡ್ಕೊಂಡಿದೀವಿ” ಅನ್ನುತ್ತಾರೆ. ನಾನು ಆಗೆಲ್ಲ ಒಂದೇ ಪ್ರಶ್ನೆ ಕೇಳುತ್ತೇನೆ. ಅವನ ತಟ್ಟೆ ಎಲ್ಲಿದೆ?

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ.

ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಕಂಪನಿ ಸರ್ಕಾರದ ಅಪ್ಪಣೆಯ ಮೇಲೆ ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ. ಬೆಳೆ, ಮಣ್ಣು, ಕೂಲಿ ದರ, ಜಾತಿ, ಕಸುಬು ಎಲ್ಲವನ್ನೂ ಬರೆದುಕೊಂಡ. 1807ರಲ್ಲಿ ಅದು ಮೂರು ಸಂಪುಟಗಳಾಗಿ ಅಚ್ಚಾಯಿತು. ನಮ್ಮ ಕರಾವಳಿ ಕಡೆಯ ಬೇಸಾಯದ ಬಗ್ಗೆ ಬರೆಯುವಾಗ ಅವನು ಎರಡು ಬಗೆಯ ಆಳುಗಳನ್ನು ಹೇಳುತ್ತಾನೆ. ಕೂಲಿಯಾಳು ಮತ್ತು ಮೂಲದಾಳು. ಮೂಲದಾಳು ಎಂದರೆ ಕೊಂಡ ಆಳು. ಅವನು ಈ ಕನ್ನಡ ಪದಗಳನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದಿಟ್ಟಿದ್ದಾನೆ. ಅದನ್ನು ಮೊದಲ ಸಲ ಓದಿದಾಗ ನನ್ನ ಮೈ ಜುಮ್ಮೆಂದಿತು. ಮನುಷ್ಯರನ್ನು ಕೊಳ್ಳುವುದು ಎಲ್ಲೋ ಅಮೆರಿಕದಲ್ಲಿ, ಹತ್ತಿಯ ತೋಟಗಳಲ್ಲಿ ನಡೆದದ್ದು ಅಂತ ನಮ್ಮ ಪಠ್ಯದಲ್ಲಿ ಓದಿದ್ದೆ. ಅದಕ್ಕೆ ನಮ್ಮ ಮನೆಯ ಭಾಷೆಯಲ್ಲೇ ಒಂದು ಪದ ಇತ್ತು ಅಂತ ಯಾರೂ ಹೇಳಿರಲಿಲ್ಲ.

ಒಂದು ಎಚ್ಚರ. ಬುಕಾನನ್ ಬರೆದದ್ದು ಕಂಪನಿಗೆ. ಈ ನೆಲದಿಂದ ಎಷ್ಟು ಕಂದಾಯ ಎತ್ತಬಹುದು ಎಂಬ ಲೆಕ್ಕ ಅವನ ಎಲ್ಲ ಪ್ರಶ್ನೆಗಳ ಹಿಂದೆ ಇದೆ. ಅವನಿಗೆ ಮಾಹಿತಿ ಕೊಟ್ಟವರೂ ಹೆಚ್ಚಾಗಿ ಭೂಮಿ ಇದ್ದವರು, ಶಾನುಭೋಗರು. ಒಬ್ಬ ಮೂಲದಾಳು ತನ್ನ ಬದುಕನ್ನು ಹೇಗೆ ಹೇಳುತ್ತಿದ್ದನೋ ಅದು ಅಲ್ಲಿಲ್ಲ. ಹಾಗೆಂದು ಪುಸ್ತಕವನ್ನು ಬಿಸಾಡಬೇಕಿಲ್ಲ. ಅದನ್ನು ಯಾರು, ಯಾರಿಗಾಗಿ, ಯಾರನ್ನು ಕೇಳಿ ಬರೆದರು ಅಂತ ಪ್ರತಿ ಪುಟದಲ್ಲೂ ನೆನಪಿಟ್ಟುಕೊಂಡರೆ ಸಾಕು.

1843ರಲ್ಲಿ ಕಂಪನಿ ಸರ್ಕಾರ ಐದನೇ ಕಾಯ್ದೆ ತಂದಿತು. ಗುಲಾಮನ ಮೇಲಿನ ಒಡೆತನವನ್ನು ಇನ್ನು ಯಾವ ನ್ಯಾಯಾಲಯವೂ ಎತ್ತಿಹಿಡಿಯುವಂತಿಲ್ಲ ಎಂದಿತು. ಗುಲಾಮಗಿರಿ ರದ್ದಾಯಿತು ಅಂತ ನಾವು ಪರೀಕ್ಷೆಯಲ್ಲಿ ಬರೆಯುವುದು ಇದನ್ನೇ. ಆದರೆ ಆ ಕಾಯ್ದೆಯಲ್ಲಿ ಒಡೆಯನಿಗೆ ಶಿಕ್ಷೆಯಿಲ್ಲ. ಮನುಷ್ಯರನ್ನು ಕೊಳ್ಳುವುದು ಮಾರುವುದು ಶಿಕ್ಷೆಯ ಅಪರಾಧವಾದದ್ದು 1862ರಲ್ಲಿ ದಂಡ ಸಂಹಿತೆ ಜಾರಿಗೆ ಬಂದಮೇಲೆ.

ಈ ಎರಡರ ನಡುವೆ, 1859ರಲ್ಲಿ, ಇನ್ನೊಂದು ಕಾಯ್ದೆ ಬಂತು. ಅದನ್ನು ನಾವು ಯಾರೂ ಓದುವುದಿಲ್ಲ. ಕೆಲಸಗಾರರು ಕರಾರು ಮುರಿದರೆ ಏನು ಮಾಡಬೇಕು ಎಂಬ ಕಾಯ್ದೆ ಅದು. ಮುಂಗಡ ತಗೊಂಡ ಕೆಲಸಗಾರ ಕೆಲಸಕ್ಕೆ ಬರದಿದ್ದರೆ, ಮಾಲೀಕ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು. ಹಣ ವಾಪಸ್ ಕೊಡು, ಇಲ್ಲವೇ ಕೆಲಸ ಮಾಡು ಅಂತ ಅಪ್ಪಣೆಯಾಗುತ್ತದೆ. ಅದನ್ನೂ ಮೀರಿದರೆ ಮೂರು ತಿಂಗಳವರೆಗೆ ಜೈಲು. ಸಾಲ ಕೊಟ್ಟವನು ಮಾತು ತಪ್ಪಿದರೆ? ಅದಕ್ಕೆ ಅಲ್ಲಿ ಜೈಲಿಲ್ಲ. ಕೊಡಗಿನ ಕಾಫಿ ತೋಟಗಳಲ್ಲೂ ಈ ಕಾಯ್ದೆಯ ಆಟ ನಡೆಯಿತು. ಮೇಸ್ತ್ರಿಗಳು ಊರೂರಿಗೆ ಹೋಗಿ ಮುಂಗಡ ಕೊಟ್ಟು ಜನರನ್ನು ಕರೆತರುತ್ತಿದ್ದರು. ಕಾಯ್ದೆ ರದ್ದಾದದ್ದು 1920ರ ದಶಕದ ನಡುವೆ. ಅಂದರೆ ಅರವತ್ತಕ್ಕೂ ಹೆಚ್ಚು ವರ್ಷ ಸಾಲಗಾರ ಕೂಲಿಯನ್ನು ಹಿಡಿದು ತರಲು ಸರ್ಕಾರವೇ ಪೊಲೀಸರನ್ನು ಕೊಟ್ಟಿತ್ತು.

ಕೊಂಡ ಆಳು ಹೋದ. ಮುಂಗಡದ ಆಳು ಬಂದ. ಆಳಿಗೆ ಬಹಳ ವ್ಯತ್ಯಾಸವೇನೂ ಆಗಲಿಲ್ಲ. ಆದರೆ ದಾಖಲೆಯಲ್ಲಿ ದೊಡ್ಡ ವ್ಯತ್ಯಾಸವಾಯಿತು. ಅಲ್ಲಿಂದ ಮುಂದೆ ಅವನು ‘ಒಪ್ಪಿ ಬಂದವನು’. ಇವತ್ತಿಗೂ ಇದೇ ವಾದ ಕೇಳಿಬರುತ್ತದೆ. “ಅವರೇ ಒಪ್ಪಿ ದುಡ್ಡು ತಗೊಂಡಿದ್ದಲ್ವಾ?” ಅಂತಾರೆ. ಮಗುವಿಗೆ ಜ್ವರ ಬಂದು, ಮನೆಯಲ್ಲಿ ಕಾಸಿಲ್ಲದೆ, ಊರಲ್ಲಿ ಸಾಲ ಕೊಡುವವನು ಒಬ್ಬನೇ ಇದ್ದಾಗ ಕೊಟ್ಟ ಒಪ್ಪಿಗೆಯನ್ನು ಒಪ್ಪಿಗೆ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಈ ಕಾಲದ ಕಾಗದಗಳನ್ನು ಓದುವ ಒಂದು ಉಪಾಯ ಹೇಳುತ್ತೇನೆ. ತೋಟದ ಮಾಲೀಕರ ಅರ್ಜಿಗಳಲ್ಲಿ, ಅವರ ಸಭೆಗಳ ನಡಾವಳಿಗಳಲ್ಲಿ ಒಂದು ದೂರು ಪದೇ ಪದೇ ಬರುತ್ತದೆ. ಮುಂಗಡ ಪಡೆದ ಕೂಲಿಗಳು ಓಡಿಹೋಗುತ್ತಾರೆ ಅಂತ. ಅದನ್ನು ಅವರು ಮೋಸ ಅಂತ ಬರೆದಿದ್ದಾರೆ. ನೀವು ಅದನ್ನು ತಿರುಗಿಸಿ ಓದಿ. ಒಬ್ಬ ಮನುಷ್ಯ ರಾತ್ರೋರಾತ್ರಿ, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು, ಗುರುತಿಲ್ಲದ ಕಾಡುದಾರಿ ಹಿಡಿದ ಎಂದರೆ ಅವನು ಬಿಟ್ಟುಬಂದ ಜಾಗ ಹೇಗಿತ್ತು? ಬರೆಯಲು ಬಾರದ ಜನ ಕಾಗದದ ಮೇಲೆ ಬಿಟ್ಟುಹೋದ ಗುರುತು ಇಂಥವೇ. ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಹಳೆಯ ಮೈಸೂರು ಸರ್ಕಾರದ ಕಡತಗಳಿವೆ. ಹೋಗಿ ಕೂತು ಓದಿ. ಕಡತದ ಹೆಸರು ನೋಡಿ ಬಿಟ್ಟುಬಿಡಬೇಡಿ. ‘ಜೀತ’ ಅಂತ ಹೆಸರಿರುವ ಕಟ್ಟು ನಿಮಗೆ ಸಿಗುವುದು ಕಷ್ಟ. ಕಂದಾಯ, ಪೊಲೀಸ್, ತೋಟ, ಬರಗಾಲ, ಇಂಥ ಹೆಸರುಗಳ ಅಡಿಯಲ್ಲಿ ಹುಡುಕಬೇಕು.

ಸ್ವಾತಂತ್ರ್ಯ ಬಂತು. ಸಂವಿಧಾನದ 23ನೇ ವಿಧಿ ಬಿಟ್ಟಿ ಚಾಕರಿಯನ್ನೂ ಬಲವಂತದ ದುಡಿಮೆಯನ್ನೂ ನಿಷೇಧಿಸಿತು. ಆದರೆ ಜೀತದ ಬಗ್ಗೆ ಇಡೀ ದೇಶಕ್ಕೆ ಒಂದು ಕಾಯ್ದೆ ಬರಲು ಮತ್ತೆ ಇಪ್ಪತ್ತೈದು ವರ್ಷ ಬೇಕಾಯಿತು. ತುರ್ತುಪರಿಸ್ಥಿತಿಯ ಕಾಲದಲ್ಲಿ, 1975ರ ಅಕ್ಟೋಬರಿನಲ್ಲಿ, ಸುಗ್ರೀವಾಜ್ಞೆ ಹೊರಟಿತು. 1976ರ ಫೆಬ್ರವರಿಯಲ್ಲಿ ಅದು ಜೀತ ಪದ್ಧತಿ ರದ್ದತಿ ಕಾಯ್ದೆಯಾಯಿತು. ಅಜ್ಜಿ ‘ಇಂದ್ರಮ್ಮನ ಕಾಲ’ ಎಂದದ್ದು ಇದನ್ನೇ.

ಈ ಕಾಯ್ದೆಯನ್ನು ದಯವಿಟ್ಟು ಪೂರ್ತಿ ಓದಿ. ಚಿಕ್ಕದು. ಅದರಲ್ಲಿ ಸರಪಳಿಯ ಮಾತಿಲ್ಲ. ಸಾಲಕ್ಕೋ, ಮುಂಗಡಕ್ಕೋ, ಹುಟ್ಟಿದ ಜಾತಿಯ ಕಾರಣಕ್ಕೋ ಒಬ್ಬರು ಇನ್ನೊಬ್ಬರಿಗೆ ದುಡಿಯುತ್ತಿದ್ದಾರೆ. ಅದರಿಂದ ಬೇರೆ ಕೆಲಸಕ್ಕೆ ಹೋಗುವ, ಬೇಕಾದ ಕಡೆ ಓಡಾಡುವ, ತಮ್ಮ ದುಡಿಮೆಯನ್ನು ಮಾರುಕಟ್ಟೆಯ ದರಕ್ಕೆ ಮಾರುವ ಹಕ್ಕು ಹೋಗಿದೆ. ಹಾಗಿದ್ದರೆ ಅದು ಜೀತ. ಸರಿಯಾದ ಕೂಲಿ ಸಿಗದೆ ದುಡಿಯುವುದೂ ಅದರೊಳಗೇ ಬರುತ್ತದೆ. ಆ ಸಾಲ ಕಾಯ್ದೆ ಬಂದ ಕ್ಷಣಕ್ಕೇ ಸತ್ತುಹೋಯಿತು, ತೀರಿಸಬೇಕಿಲ್ಲ ಅನ್ನುತ್ತದೆ ಕಾನೂನು. ಇದು ಜೀತದ ಸಾಲ ಅಂತ ಆಳು ಹೇಳಿದರೆ, ಅಲ್ಲ ಅಂತ ಸಾಬೀತು ಮಾಡುವ ಹೊಣೆ ಸಾಲ ಕೊಟ್ಟವನದು. 1982ರಲ್ಲಿ, ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ, ಸುಪ್ರೀಂ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯುವಂತೆ ಮಾಡುವ ಹಸಿವೂ ಬಲವಂತವೇ ಎಂದಿತು. ಅದಾದಮೇಲೆ ಹರಿಯಾಣದ ಫರಿದಾಬಾದಿನ ಕಲ್ಲು ಕ್ವಾರಿಗಳ ಪ್ರಕರಣ ಬಂತು. ಒಂದು ಪತ್ರವನ್ನೇ ಅರ್ಜಿ ಎಂದು ತೆಗೆದುಕೊಂಡು ಕೋರ್ಟು ಕ್ವಾರಿಗೆ ತನ್ನ ಜನರನ್ನು ಕಳಿಸಿತು. ಬಲವಂತದ ದುಡಿಮೆ ಕಂಡರೆ ಅದರ ಹಿಂದೆ ಮುಂಗಡ ಇದೆ ಅಂತಲೇ ಭಾವಿಸಬೇಕು, ಸಾಲದ ಪುರಾವೆ ತಾ ಅಂತ ಕಾರ್ಮಿಕನನ್ನು ಪೀಡಿಸಬಾರದು ಎಂದಿತು.

ಕಾನೂನು ಇಷ್ಟು ಚೆನ್ನಾಗಿದೆ. ಶಿಕ್ಷೆ? ಮೂರು ವರ್ಷದವರೆಗೆ ಜೈಲು, ಎರಡು ಸಾವಿರ ರೂಪಾಯಿವರೆಗೆ ದಂಡ. ಕಾಯ್ದೆಯಲ್ಲಿ 1976ರಲ್ಲಿ ಬರೆದ ಮೊತ್ತ ಅದು.

ಈಗ ನನ್ನ ಮನಸ್ಸಿಗೆ ತುಂಬ ಹತ್ತಿರವಾದ ಒಂದು ಸಂಗತಿ. 1970ರ ದಶಕದ ಕೊನೆಯಲ್ಲಿ ದೇಶದಲ್ಲಿ ಎಷ್ಟು ಜನ ಜೀತದಾಳುಗಳಿದ್ದಾರೆ ಅಂತ ಎರಡು ಕಡೆಯಿಂದ ಎಣಿಸಲಾಯಿತು. ಗಾಂಧಿ ಶಾಂತಿ ಪ್ರತಿಷ್ಠಾನ ಮತ್ತು ರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ ಹತ್ತು ರಾಜ್ಯಗಳಲ್ಲಿ ಸಮೀಕ್ಷೆ ಮಾಡಿದವು. ಬಂದ ಅಂದಾಜು ಸುಮಾರು 26 ಲಕ್ಷ. ಕರ್ನಾಟಕದಲ್ಲೇ 1.93 ಲಕ್ಷ. ಹೆಚ್ಚುಕಮ್ಮಿ ಅದೇ ಕಾಲದಲ್ಲಿ ಸರ್ಕಾರದ ರಾಷ್ಟ್ರೀಯ ಮಾದರಿ ಸಮೀಕ್ಷೆ ಹದಿನಾರು ರಾಜ್ಯಗಳನ್ನು ನೋಡಿತು. ಅದರ ಅಂದಾಜು ಮೂರೂವರೆ ಲಕ್ಷದ ಆಸುಪಾಸು. ಹತ್ತು ರಾಜ್ಯಕ್ಕೆ 26 ಲಕ್ಷ, ಹದಿನಾರು ರಾಜ್ಯಕ್ಕೆ ಮೂರೂವರೆ ಲಕ್ಷ! ಅದೇ ದೇಶ. ಅದೇ ಜನ.

ಮೊದಲ ಸಲ ಇದನ್ನು ನೋಡಿದಾಗ ಯಾವುದು ಸರಿ, ಯಾವುದು ಸುಳ್ಳು ಅಂತ ನಾನೂ ತಲೆಕೆಡಿಸಿಕೊಂಡೆ. ಆಮೇಲೆ ಅಜ್ಜಿಯ ನೆನಪಾಯಿತು. ಎಣಿಕೆ ಮಾಡುವವರು ಯಾರು, ಎಷ್ಟು ದಿನ ಊರಲ್ಲಿದ್ದರು, ಯಾರ ಮನೆಯಲ್ಲಿ ಊಟ ಮಾಡಿದರು, ಯಾವ ಪದ ಬಳಸಿದರು, ಪಕ್ಕದಲ್ಲಿ ಯಾರು ನಿಂತಿದ್ದರು. ಈ ಐದನ್ನು ಬದಲಾಯಿಸಿದರೆ ಉತ್ತರ ಬದಲಾಗುತ್ತದೆ. ಜನಗಣತಿಯಲ್ಲೂ ಹೀಗೇ. ಆ ಅಜ್ಜಿಯ ಮಗ ಅಲ್ಲಿ ‘ಕೃಷಿ ಕಾರ್ಮಿಕ’. ಅವನು ಬೆಳಿಗ್ಗೆ ಎದ್ದು ಬೇರೆ ಹೊಲಕ್ಕೆ ಹೋಗಬಲ್ಲನೇ ಅಂತ ಕೇಳುವ ಕಾಲಂ ಅಲ್ಲಿಲ್ಲ. ಹಾಗಾಗಿ ಅಂಕಿ ಸಂಖ್ಯೆ ಸಿಕ್ಕಿದ ತಕ್ಷಣ ಬರೆದುಕೊಳ್ಳಬೇಡಿ. ಮೊದಲು ಪ್ರಶ್ನಾವಳಿ ಎಲ್ಲಿದೆ ಅಂತ ಹುಡುಕಿ.

ಕರ್ನಾಟಕದಲ್ಲಿ ಇದುವರೆಗೆ ಸರ್ಕಾರದ ಲೆಕ್ಕದಲ್ಲಿ ಗುರುತಿಸಿ ಬಿಡುಗಡೆ ಮಾಡಿದವರು 60 ಸಾವಿರಕ್ಕೂ ಹೆಚ್ಚು. ಅದರ ಬಹುಪಾಲು ಕಾಯ್ದೆ ಬಂದ ಮೊದಲ ವರ್ಷಗಳದ್ದು. ಆಗ ದೇವರಾಜ ಅರಸರ ಸರ್ಕಾರವಿತ್ತು. ಕಾನೂನು ಹೊಸದು. ಆಮೇಲೆ ಕಚೇರಿಗಳು ಸುಮ್ಮನಾದವು. 1990ರ ದಶಕದಿಂದ ಜೀವಿಕ, ಅಂದರೆ ಜೀತ ವಿಮುಕ್ತಿ ಕರ್ನಾಟಕ, ಎಂಬ ಸಂಘಟನೆ ಹಳ್ಳಿ ಹಳ್ಳಿಗೆ ಹೋಗಿ ಹೆಸರು ಹಿಡಿದು ಪಟ್ಟಿ ಮಾಡಿ ತಹಶೀಲ್ದಾರರ ಮುಂದೆ ಇಡತೊಡಗಿತು. ಆಗ ‘ಇಲ್ಲ’ ಎಂದು ಬರೆದಿದ್ದ ಊರುಗಳಿಂದಲೇ ಜನ ಎದ್ದು ಬಂದರು.

2000ದಲ್ಲಿ ಶ್ರೀರಂಗಪಟ್ಟಣ ತಾಲ್ಲೂಕಿನ ಹಂಗರಹಳ್ಳಿಯ ಕಲ್ಲು ಕ್ವಾರಿಯಲ್ಲಿ ಕಾಲಿಗೆ ಸರಪಳಿ ಹಾಕಿದ್ದ ಕಾರ್ಮಿಕರು ಸಿಕ್ಕರು. ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂತು. ಬರಬೇಕಾದದ್ದೇ. ಆದರೆ ಆ ಸುದ್ದಿ ನಮ್ಮ ತಲೆಯಲ್ಲಿ ಒಂದು ಚಿತ್ರ ಉಳಿಸಿಬಿಟ್ಟಿತು. ಜೀತ ಎಂದರೆ ಸರಪಳಿ. ಸರಪಳಿ ಕಾಣದಿದ್ದರೆ ಜೀತವಿಲ್ಲ. ಅದೇ ವರ್ಷಗಳಲ್ಲಿ ರಾಮನಗರ, ಮಾಗಡಿ ಕಡೆಯ ರೇಷ್ಮೆ ಘಟಕಗಳಲ್ಲಿ ಅಪ್ಪ ಅಮ್ಮ ಪಡೆದ ಮುಂಗಡಕ್ಕೆ ಮಕ್ಕಳು ದಿನವಿಡೀ ನೂಲಿನ ಮುಂದೆ ನಿಲ್ಲುತ್ತಿದ್ದರು. ಅಲ್ಲಿ ಸರಪಳಿ ಇರಲಿಲ್ಲ. ಪುಟ್ಟ ಮಕ್ಕಳಿಗೆ ಸರಪಳಿ ಯಾಕೆ ಬೇಕು?

ಇವತ್ತು ಎಲ್ಲಿ ನೋಡಬೇಕು ಅಂತ ನೀವು ಕೇಳಬಹುದು. ಗೌಡರ ಕೊಟ್ಟಿಗೆ ಈಗ ಕಡಿಮೆಯಾಗಿದೆ. ಅದು ನಿಜವಾದ ಬದಲಾವಣೆ. ಓದು, ಬಸ್ಸು, ಬೆಂಗಳೂರಿನ ಕಟ್ಟಡದ ಕೆಲಸ, ಪಡಿತರದ ಅಕ್ಕಿ, ಎಲ್ಲಕ್ಕಿಂತ ಹೆಚ್ಚಾಗಿ ದಲಿತ ಚಳವಳಿ ಅದನ್ನು ಸಾಧಿಸಿತು. ಆದರೆ ಮುಂಗಡ ಎಲ್ಲಿಗೂ ಹೋಗಿಲ್ಲ. ಬೆಂಗಳೂರಿನ ಸುತ್ತ ಇಟ್ಟಿಗೆ ಗೂಡುಗಳಿವೆ. ಒಡಿಶಾದಿಂದ, ನಮ್ಮದೇ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಂದ ಇಡೀ ಕುಟುಂಬಗಳು ಮುಂಗಡ ಪಡೆದು ಬರುತ್ತವೆ. ಗಂಡ ಮಣ್ಣು ಕಲಸುತ್ತಾನೆ, ಹೆಂಡತಿ ಅಚ್ಚು ಹಾಕುತ್ತಾಳೆ, ಮಕ್ಕಳು ಹಸಿ ಇಟ್ಟಿಗೆ ಮಗುಚಿ ಒಣಗಿಸುತ್ತಾರೆ. ಲೆಕ್ಕ ಸಾವಿರ ಇಟ್ಟಿಗೆಗೆ ಇಷ್ಟು ಅಂತ, ಗಂಡನ ಹೆಸರಿನಲ್ಲಿ.

ಬೆಳಗಾವಿ, ಬಾಗಲಕೋಟೆಯ ಕಬ್ಬಿನ ಗದ್ದೆಗಳಿಗೆ ಮಹಾರಾಷ್ಟ್ರದ ಬೀಡ್ ಕಡೆಯಿಂದ ಕಬ್ಬು ಕಡಿಯುವ ಗ್ಯಾಂಗುಗಳು ಬರುತ್ತವೆ. ನಮ್ಮ ಕಡೆಯ ತಾಂಡಾಗಳಿಂದ ಅತ್ತ ಹೋಗುವವರೂ ಇದ್ದಾರೆ. ಮುಂಗಡ ಕೊಡುವವನು ಮುಕಾದಮ. ಮುಂಗಡಕ್ಕೆ ಅವರ ಮಾತಿನಲ್ಲಿ ಉಚಲ್. ಗಂಡ ಹೆಂಡತಿ ಸೇರಿ ಒಂದು ‘ಕೊಯ್ತಾ’. ಕೊಯ್ತಾ ಎಂದರೆ ಕುಡುಗೋಲು. ಇಬ್ಬರು ಮನುಷ್ಯರನ್ನು ಒಂದು ಕುಡುಗೋಲು ಅಂತ ಎಣಿಸುವ ಲೆಕ್ಕ ಅದು. ಆ ಹೆಂಗಸಿನ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಜೀತದಾಳು ಎಂದಾಗ ನಮ್ಮ ಕಣ್ಣ ಮುಂದೆ ಗಂಡಸೇ ಬರುವುದಕ್ಕೆ ಇದೂ ಒಂದು ಕಾರಣ.

ಇಂಥ ಕಡೆ ಹೋದಾಗ ‘ಜೀತ ಇದೆಯಾ?’ ಎಂದು ಕೇಳಬೇಡಿ. ‘ಬರುವಾಗ ಎಷ್ಟು ಇಸ್ಕೊಂಡ್ರಿ?’ ಅಂತ ಕೇಳಿ. ‘ಲೆಕ್ಕ ಯಾರು ಬರೀತಾರೆ? ನಿಮಗೆ ತೋರಿಸ್ತಾರಾ?’ ಅಂತ ಕೇಳಿ. ‘ಹಬ್ಬಕ್ಕೆ ಊರಿಗೆ ಹೋಗಬೇಕಂದ್ರೆ ಯಾರನ್ನ ಕೇಳ್ಬೇಕು? ಎಲ್ಲರೂ ಒಟ್ಟಿಗೆ ಹೋಗಬಹುದಾ, ಇಲ್ಲ ಮಕ್ಕಳನ್ನ ಬಿಟ್ಟು ಹೋಗ್ಬೇಕಾ?’ ಈ ಕೊನೆಯ ಪ್ರಶ್ನೆಗೆ ಬರುವ ಮೌನವನ್ನೂ ಬರೆದುಕೊಳ್ಳಿ.

ಕಚೇರಿಯ ಕೆಲಸದ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಪ್ರತಿ ಜಿಲ್ಲೆಯಲ್ಲೂ ಉಪವಿಭಾಗದಲ್ಲೂ ಜೀತದ ಜಾಗೃತಿ ಸಮಿತಿ ಇರಬೇಕು ಅಂತ ಕಾಯ್ದೆಯಲ್ಲಿದೆ. ಅದು ಯಾವಾಗ ಸೇರಿತು, ನಡಾವಳಿಯಲ್ಲಿ ಏನಿದೆ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ನಮ್ಮ ರಾಜ್ಯದಲ್ಲಿ ಅರ್ಜಿ ಒಂದೇ ವಿಷಯಕ್ಕೆ, 150 ಪದದೊಳಗೆ ಇರಬೇಕು. ಚಿಕ್ಕದಾಗಿ ಬರೆಯಿರಿ, ನಾಲ್ಕು ಅರ್ಜಿ ಹಾಕಿ. ‘ಶೂನ್ಯ’ ಎಂಬ ಉತ್ತರ ಬಂದರೆ ಬೇಸರ ಬೇಡ. ಶೂನ್ಯವೂ ಒಂದು ದಾಖಲೆಯೇ. ಯಾವ ದಿನ, ಯಾರ ಸಹಿ, ಅದಕ್ಕೆ ಮುಂಚೆ ಯಾರಾದರೂ ಊರಿಗೆ ಹೋಗಿದ್ದರಾ, ಅದನ್ನು ನೋಡಿ.

ಬಿಡುಗಡೆ ಪತ್ರದ ವಿಷಯ ಮಾತ್ರ ಬಿಡುವಂತಿಲ್ಲ. ಒಬ್ಬರು ಜೀತದಿಂದ ಬಿಡುಗಡೆಯಾದರು ಅಂತ ಉಪವಿಭಾಗಾಧಿಕಾರಿ ಕೊಡುವ ಕಾಗದ ಅದು. ಅದಿಲ್ಲದೆ ಪುನರ್ವಸತಿ ಇಲ್ಲ. 2016ರ ಕೇಂದ್ರ ಯೋಜನೆಯಲ್ಲಿ ಗಂಡಸರಿಗೆ ಒಂದು ಲಕ್ಷ, ಹೆಂಗಸರು ಮಕ್ಕಳಿಗೆ ಎರಡು ಲಕ್ಷ, ತೀರಾ ಕ್ರೂರವಾದ ಪ್ರಕರಣಗಳಲ್ಲಿ ಮೂರು ಲಕ್ಷ ರೂಪಾಯಿ ಇದೆ. ಆದರೆ ಪೂರ್ತಿ ಹಣ ಬರುವುದು ಮಾಲೀಕನಿಗೆ ಶಿಕ್ಷೆಯಾದ ಮೇಲೆ. ತಕ್ಷಣಕ್ಕೆ ಸಿಗುವುದು ಈಗ 30 ಸಾವಿರದವರೆಗೆ. ಮೊಕದ್ದಮೆ ಎಷ್ಟು ವರ್ಷ ಎಳೆಯುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಅಷ್ಟು ದಿನ ಆ ಮನೆಯವರು ಏನು ತಿನ್ನಬೇಕು? ಮತ್ತೆ ಸಾಲಕ್ಕೆ ಎಲ್ಲಿ ಹೋಗಬೇಕು? ಅದೇ ಬಾಗಿಲಿಗೆ. ಬಿಡುಗಡೆ ಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಟ್ರಂಕಿನ ತಳದಲ್ಲಿಟ್ಟು, ಮತ್ತೆ ಅದೇ ಧಣಿಯ ಹೊಲಕ್ಕೆ ಹೋಗುವವರನ್ನು ನಾನು ನೋಡಿದ್ದೇನೆ. ನಮ್ಮ ಸಂಶೋಧನೆ ಬಿಡುಗಡೆಯ ದಿನಕ್ಕೇ ಮುಗಿದುಬಿಟ್ಟರೆ ಅದು ಅರ್ಧ ಸತ್ಯವಷ್ಟೇ. ಐದು ವರ್ಷ ಬಿಟ್ಟು ಮತ್ತೆ ಹೋಗಿ ನೋಡಬೇಕು.

ಕೊನೆಯದಾಗಿ, ನಾವು ಸಂಜೆ ಬಸ್ಸು ಹತ್ತಿ ಬಂದುಬಿಡುತ್ತೇವೆ. ಅವರು ಅಲ್ಲೇ ಇರುತ್ತಾರೆ. ಇದನ್ನು ಒಂದು ಕ್ಷಣವೂ ಮರೆಯಬೇಡಿ. ಧಣಿಯ ಎದುರಿಗೆ ಯಾರನ್ನೂ ಮಾತಾಡಿಸಬೇಡಿ. ಹೆಸರು ಬರೆಯುವ ಮುಂಚೆ ಕೇಳಿ. ಊರಿನ ಹೆಸರು ಬರೆದರೂ ಗುರುತು ಸಿಕ್ಕಿಬಿಡುತ್ತದೆ ಅನಿಸಿದರೆ ಅದನ್ನೂ ಬಿಡಿ. ನಾನು ಇವತ್ತು ಅಜ್ಜಿಯ ಊರಿನ ಹೆಸರು ಹೇಳದಿರುವುದಕ್ಕೆ ಕಾರಣ ಅದೇ. ಇನ್ನೊಂದು, ನೀವು ಏನು ಬರೆದುಕೊಂಡಿರೋ ಅದನ್ನು ಹೇಳಿದವರಿಗೆ ಓದಿ ಹೇಳಿ. ಅವರ ಬದುಕು ನಿಮ್ಮ ಪುಸ್ತಕದೊಳಗೆ ಯಾವ ರೂಪದಲ್ಲಿ ಹೋಗುತ್ತಿದೆ ಅಂತ ಅವರಿಗೆ ಗೊತ್ತಾಗಬೇಕು. ಇದನ್ನು ನನಗೆ ಯಾವ ಪ್ರಾಧ್ಯಾಪಕರೂ ಕಲಿಸಲಿಲ್ಲ.

ಆ ದಿನ ನಾನು ಎದ್ದು ಹೊರಡುವಾಗ ಅಜ್ಜಿ, “ಏನ್ ಬರ್ಕಂಡೆ, ಓದು ಕೇಳಾನ” ಅಂದರು. ಓದಿದೆ. ಮದುವೆಯ ಸಾಲ, ಕೊಟ್ಟಿಗೆ, ತಟ್ಟೆ, ಯುಗಾದಿಯ ಲೆಕ್ಕ. ‘ಹನ್ನೊಂದು ವರ್ಷದಿಂದ ದುಡಿಯುತ್ತಿದ್ದಾನೆ’ ಎಂಬಲ್ಲಿಗೆ ಬಂದಾಗ ಮೊರವನ್ನು ಕೆಳಗಿಟ್ಟು ಕೈ ಅಡ್ಡ ತಂದರು. ಹನ್ನೊಂದು ಅಂತ ಹೇಳಿದ್ದು ಅವರೇ. ಧಣಿಯ ಮನೆಯ ಲೆಕ್ಕ ಅದು.

“ಹನ್ನೆಲ್ಡು ಅಂತ ಬರ್ಕೊ. ಜರ ಬಂದು ಮೂರ್ ತಿಂಗ್ಳು ಮಲಗಿದ್ದ ವರ್ಸನ ಅವ್ರು ಲೆಕ್ಕಕ್ಕೆ ತಗಳ್ನಿಲ್ಲ. ನಾನು ತಗಂಡಿವ್ನಿ.”

ಹನ್ನೊಂದನ್ನು ಹೊಡೆದುಹಾಕಿ ಹನ್ನೆರಡು ಎಂದು ಬರೆದೆ. ಅವರು ಬಗ್ಗಿ, ಓದಲು ಬಾರದ ಆ ಅಂಕಿಯನ್ನು ನೋಡಿ, ಮತ್ತೆ ಮೊರ ಎತ್ತಿಕೊಂಡರು.